ಎಂಜಿನ್ನು ಹೋದ ದಿನ ಹೋದ ನಾಯಿ

ಕಿರುಗಾವಲಿನಲ್ಲಿ ಆಗ ದಸ್ತಗೀರ್ ಎಂಬ ಹೆಸರಿನವರು ಮೂರು ಜನ ಇದ್ದರು. ಒಬ್ಬ ಬಳೆ ಮಾರುವವನು. ಇನ್ನೊಬ್ಬ ಸಂತೆಯಿಂದ ಸಂತೆಗೆ ಕುರಿ ಹೊಡೆದುಕೊಂಡು ಹೋಗುವವನು. ಮೂರನೆಯವನು ಎಂಜಿನ್ ದಸ್ತಗೀರ್. ಬಸ್ ಸ್ಟ್ಯಾಂಡಿನ ಹಿಂದಿದ್ದ ಕೆಂಪಸಿದ್ದಯ್ಯನವರ ಹಿಟ್ಟಿನ ಮಿಲ್ಲಿನಲ್ಲಿ ಎಂಜಿನ್ನು ಓಡಿಸುವುದು ಅವನ ಕೆಲಸ. ಮೈಸೂರಿನಿಂದ ಅವನ ತಂಗಿ ಬರೆಯುತ್ತಿದ್ದ ಕಾಗದಗಳ ಮೇಲೂ ‘ಎಂಜಿನ್ ದಸ್ತಗೀರ್ ಸಾಬರಿಗೆ’ ಎಂದೇ ಇರುತ್ತಿತ್ತು. ಹಾಗೆ ಬರೆಯದಿದ್ದರೆ ಕಾಗದ ಬಳೆಯವನ ಮನೆಗೋ ಕುರಿಯವನ ಮನೆಗೋ ಹೋಗಿ, ಅಲ್ಲಿ ಎಲ್ಲರೂ ಓದಿ ಮುಗಿಸಿದ ಮೇಲೆ ಇವನ ಕೈಗೆ ಬರುತ್ತಿತ್ತು.

ಅಪ್ಪ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮಗನೂ ಅದೇ ಕಸುಬಿಗೆ ಕೂರಬೇಕಿತ್ತು. ಆದರೆ ಅವನಿಗೆ ಇಪ್ಪತ್ತು ತುಂಬಿದ ವರ್ಷ ಮಳವಳ್ಳಿ ಕಡೆಯಿಂದ ಎರಡು ಜೊತೆ ಎತ್ತು ಕಟ್ಟಿದ ಗಾಡಿಯಲ್ಲಿ ಹತ್ತು ಹಾರ್ಸ್‌ಪವರಿನ ಡೀಸೆಲ್ ಎಂಜಿನ್ನೊಂದು ಊರಿಗೆ ಬಂತು. ಅದನ್ನು ಕೂರಿಸಲು ಮೈಸೂರಿನಿಂದ ಬಂದ ಫಿಟ್ಟರು ಎಂಟು ದಿನ ಊರಲ್ಲಿದ್ದ. ದಸ್ತಗೀರ್ ಎಂಟು ದಿನವೂ ಕಲಾಯಿ ತಿದಿಯನ್ನು ಅಪ್ಪನಿಗೆ ಬಿಟ್ಟು ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು ನೋಡಿದ. ಒಂಬತ್ತನೆಯ ದಿನ ಫಿಟ್ಟರು ಹೊರಡುವಾಗ ಹ್ಯಾಂಡಲನ್ನು ಅವನ ಕೈಗೆ ಕೊಟ್ಟು, “ನೀನೇ ತಿರುಗಿಸು ನೋಡಾಣ” ಅಂದ. ದಸ್ತಗೀರ್ ತಿರುಗಿಸಿದ. ದೊಡ್ಡ ಚಕ್ರಗಳು ನಿಧಾನಕ್ಕೆ ಎದ್ದು, ಓಡಿ, ಸರಿಯಾದ ಹೊತ್ತಿಗೆ ಅವನು ಲಿವರ್ ಬಿಟ್ಟಾಗ ಎಂಜಿನ್ನು ಒಂದು ಸಲ ಕೆಮ್ಮಿ, ಕಪ್ಪು ಹೊಗೆ ಬಿಟ್ಟು ಹತ್ತಿಕೊಂಡಿತು. ಆವತ್ತಿನಿಂದ ಹತ್ತೊಂಬತ್ತು ವರ್ಷ ಆ ಹ್ಯಾಂಡಲನ್ನು ಇನ್ನೊಬ್ಬರು ಮುಟ್ಟಲಿಲ್ಲ.

ಹೊಗೆ ಕೊಳವೆಯ ತುದಿಗೆ ಅವನು ಒಂದು ತಗಡಿನ ಬಟ್ಟಲು ಕವುಚಿ ಕಟ್ಟಿದ್ದ. ಎಂಜಿನ್ನು ಓಡುವಾಗ ಅದು ‘ಕುಕ್ ಕುಕ್ ಕುಕ್’ ಎಂದು ಕೂಗುತ್ತಿತ್ತು. ಸುತ್ತ ಹಳ್ಳಿಗಳ ಹೆಂಗಸರು ಆ ಕೂಗು ಕೇಳಿಯೇ ರಾಗಿ ಕುಕ್ಕೆ ತಲೆಗೇರಿಸುತ್ತಿದ್ದರು. ಕೂಗು ಕೇಳದಿದ್ದರೆ ಮಿಲ್ಲು ಇಲ್ಲ ಎಂದು ಅರ್ಥ.

ಈ ಎಂಜಿನ್ನಿನಲ್ಲಿ ಕಾಲಕಾಲಕ್ಕೆ ಏನೇನೋ ಬದಲಾಯಿತು. ಪಿಸ್ಟನ್ ರಿಂಗು ನಾಲ್ಕು ಸಲ, ಬೇರಿಂಗು ಎರಡು ಸಲ, ಒಂದು ಸಲ ಡೀಸೆಲ್ ಪಂಪು, ಇನ್ನೊಂದು ಸಲ ಪಿಸ್ಟನ್ನೇ. ಹೊಸ ಸಾಮಾನು ತರಲು ಮೈಸೂರಿಗೆ ಹೋಗುವವನು ದಸ್ತಗೀರನೇ. ಹಳೆಯದನ್ನು ಬಿಚ್ಚಿ ಮೂಲೆಗೆ ಎಸೆಯುವಾಗ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಹೊಸದು ಕೂತ ಮೇಲೂ ಅದು ಅದೇ ಎಂಜಿನ್ನು.

ಭೂರಿ ಬಂದದ್ದು ಅರವತ್ತೊಂಬತ್ತರಲ್ಲಿ. ಎಂಜಿನ್ನು ಕಾಯದಂತೆ ತಣ್ಣೀರು ಹಾಯಿಸಲು ಪಕ್ಕದಲ್ಲೊಂದು ಗಾರೆ ತೊಟ್ಟಿ ಇತ್ತು. ಅದಕ್ಕೆ ಒಂದು ಕಂದು ಬಣ್ಣದ ನಾಯಿಮರಿ ಬಿದ್ದು ಈಜಾಡುತ್ತಿತ್ತು. ದಸ್ತಗೀರ್ ರಾಗಿ ಮೊರದಲ್ಲಿ ಅದನ್ನು ಮೇಲೆತ್ತಿ ಹಾಕಿದ. ಅದು ಮೈ ಕೊಡವಿಕೊಂಡು ತೊಟ್ಟಿಯ ಬಿಸಿ ಗೋಡೆಗೆ ಒತ್ತಿ ಮಲಗಿತು. ಮಲಗಿದ್ದು ಅಲ್ಲಿಯೇ ಬೆಳೆಯಿತು. ಉರ್ದುವಿನಲ್ಲಿ ಕಂದು ಬಣ್ಣದವಳಿಗೆ ಭೂರಿ ಅನ್ನುತ್ತಾರೆ. ಊರವರ ಬಾಯಲ್ಲಿ ಅದು ಬೂರಿ ಆಯಿತು.

ಅವನು ಅದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ನಮಾಜಿಗೆ ನಿಲ್ಲುವವನು, ನಾಯಿ ಮೂತಿ ತಗುಲಿದರೆ ಬಟ್ಟೆ ಬದಲಿಸಿ ತೊಳೆದುಕೊಳ್ಳಬೇಕು. ಹೆಂಡತಿ ಜಾನ್ ಬೀ ಈ ವಿಷಯದಲ್ಲಿ ಬಲು ಗಟ್ಟಿ. ಹಾಗಾಗಿ ಅವನು ಭೂರಿಯ ಬೆನ್ನನ್ನು ಚಪ್ಪಲಿ ಕಾಲಿನಿಂದ ಸವರುತ್ತಿದ್ದ, ಅದಕ್ಕೂ ಅಷ್ಟೇ ಸಾಕಾಗಿತ್ತು. ಮಧ್ಯಾಹ್ನ ಊಟಕ್ಕೆ ಹೊರಟರೆ ಹಿಂದೆ ಬರುತ್ತಿತ್ತು. ಅವನ ಬೀದಿಯ ಬಾಯಲ್ಲಿ ಹೊಂಗೆ ಮರದ ಕೆಳಗೆ ನಿಂತುಬಿಡುತ್ತಿತ್ತು. ಅವನು ಉಂಡು ಬಂದ ಮೇಲೆ ಮತ್ತೆ ಹಿಂದೆ. ಎಂಜಿನ್ನಿನ ಸದ್ದು ತಪ್ಪುವ ಮುಂಚೆ ಭೂರಿಯ ಕಿವಿ ನಿಮಿರುತ್ತಿತ್ತು. ದಸ್ತಗೀರ್ ಎಷ್ಟೋ ಸಲ ಆ ಕಿವಿ ನೋಡಿಯೇ ಎದ್ದು ಡೀಸೆಲ್ ಪೈಪನ್ನು ತಡವಿದ್ದುಂಟು.

ಎಪ್ಪತ್ಮೂರರ ಕೊನೆಗೆ ಡೀಸೆಲ್ಲಿಗೆ ಬರ ಬಂತು. ಮಳವಳ್ಳಿಯ ಬಂಕಿನ ಮುಂದೆ ತಗಡಿನ ಡಬ್ಬಗಳ ಸಾಲು. ಅರ್ಧ ದಿನ ನಿಂತರೂ ಒಂದು ಡಬ್ಬ ಸಿಕ್ಕಿದರೆ ಪುಣ್ಯ. ಮೂರು ತಿಂಗಳು ಹೆಣಗಾಡಿ ಕೆಂಪಸಿದ್ದಯ್ಯ ಒಂದು ದಿನ ದಸ್ತಗೀರನನ್ನು ಕರೆದು ಕೂರಿಸಿಕೊಂಡರು.

“ಇನ್ನಾಗಲ್ಲ ಕಣಯ್ಯ. ಕರೆಂಟ್ ಮೋಟ್ರು ಆಕ್ಸದೇ ಸೈ. ಲೈನು ಎಳ್ಯೋಕೆ ಒಪ್ಪವ್ರೆ.”

“ಎಂಜಿನ್ನು ಯಜಮಾನ್ರೇ?”

“ಚಿಕ್ಕರಸಿನಕೆರೆ ತಾವ ಒಂದು ಆಲೆಮನೆಯೋರು ಕೇಳವ್ರೆ. ಗದ್ದೆ ಬಯಲು, ಅಲ್ಗಿನ್ನೂ ಲೈನಿಲ್ಲ. ಗಾಣಕ್ಕೆ ಬೇಕಂತೆ. ನೀನೇನೂ ಯೋಚ್ನೆ ಮಾಡ್ಬ್ಯಾಡ. ನಿನ್ ಕೆಲ್ಸ ನಿಂದೇ. ಇನ್ಮೇಲೆ ಬರೀ ಗುಂಡಿ ಒತ್ತಾದು, ಕೈ ಕಪ್ಪಾಗಂಗೂ ಇಲ್ಲ.”

ಒಳ್ಳೆಯ ಮನುಷ್ಯ ಕೆಂಪಸಿದ್ದಯ್ಯ. ಒಳ್ಳೆಯ ಮಾತನ್ನೇ ಆಡಿದ್ದರು. ದಸ್ತಗೀರ್ “ಆಗ್ಲಿ” ಅಂದು ಎದ್ದು ಬಂದ.

ಯುಗಾದಿ ಕಳೆದ ವಾರ ಲಾರಿ ಬಂತು. ನೆಲಕ್ಕೆ ಬಿಗಿದ ಬೋಲ್ಟುಗಳನ್ನು ದಸ್ತಗೀರನೇ ಬಿಚ್ಚಿದ. ಎಂಟು ಜನ ತೊಲೆಗಳ ಮೇಲೆ ಎಂಜಿನ್ನನ್ನು ಉರುಳಿಸಿ ಲಾರಿಗೆ ಏರಿಸಿದರು. ಹನ್ನೊಂದು ಗಂಟೆಗೆ ಲಾರಿ ಮಳವಳ್ಳಿ ರಸ್ತೆಗೆ ತಿರುಗಿತು. ಅವನು ಕೈ ತೊಳೆದುಕೊಂಡು ಊಟಕ್ಕೆ ಮನೆಗೆ ಹೋದ. ಜಾನ್ ಬೀ ತಟ್ಟೆ ಇಟ್ಟಳು. ಮೊದಲ ತುತ್ತು ಬಾಯಿಗಿಟ್ಟವನು ಅದನ್ನು ನುಂಗಲಾರದೆ ಬಿಕ್ಕಿ ಬಿಕ್ಕಿ ಅಳತೊಡಗಿದ.

ಜಾನ್ ಬೀ ಬೆಚ್ಚಿಬಿದ್ದಳು. ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಅತ್ತೆ ತೀರಿಕೊಂಡ ದಿನ ಕೂಡ ಈ ಮನುಷ್ಯ ಹೀಗೆ ಅತ್ತಿರಲಿಲ್ಲ.

“ಅಜೀ, ಯಾರಿಗೆ ಏನಾಯಿತು?”

“ಅವನು ಹೋದ” ಅಂದ ದಸ್ತಗೀರ್.

“ಯಾರು?”

“ಎಂಜಿನ್ನು.”

ಮನೆಯಲ್ಲಿ ಅವರು ಆಡುತ್ತಿದ್ದುದು ಉರ್ದು. ಉರ್ದುವಿನಲ್ಲಿ ಎಂಜಿನ್ನು ಗಂಡು, ಭೂರಿ ಹೆಣ್ಣು. ಬೀದಿಗೆ ಬಂದು ಕನ್ನಡಕ್ಕೆ ತಿರುಗಿದರೆ ಎರಡೂ ‘ಅದು’. ಇದನ್ನು ದಸ್ತಗೀರ್ ಆವರೆಗೆ ಯೋಚಿಸಿದವನೇ ಅಲ್ಲ. ಆಮೇಲೆ ಮಾತ್ರ ಅದು ಅವನ ತಲೆಯಲ್ಲಿ ಬಹಳ ದಿನ ಸುತ್ತುತ್ತಿತ್ತು.

ಜಾನ್ ಬೀ ನಗಲೂ ಆಗದೆ ಬೈಯಲೂ ಆಗದೆ ಮಡಕೆಯಿಂದ ನೀರು ಕೊಟ್ಟಳು. “ಕಬ್ಬಿಣ ಅದು. ಕಬ್ಬಿಣಕ್ಕೆ ಯಾರಾದರೂ ಅಳುತ್ತಾರಾ? ಬೇರೆ ಬರುತ್ತದೆ” ಅಂದಳು. ಬೇರೆ ಬರುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಮೋಟರು ಆಗಲೇ ಗೋಣಿತಾಟಿನಲ್ಲಿ ಸುತ್ತಿಕೊಂಡು ಮಿಲ್ಲಿನ ಮೂಲೆಯಲ್ಲಿ ಕೂತಿತ್ತು.

ಭೂರಿ ಕಾಣುತ್ತಿಲ್ಲ ಎಂಬುದು ಅವನ ಗಮನಕ್ಕೆ ಬಂದದ್ದು ಮೂರನೆಯ ದಿನ. ಊಟಕ್ಕೆ ಹೊರಟು ಹೊಂಗೆ ಮರದ ಹತ್ತಿರ ಬಂದಾಗ ಹಿಂದೆ ತಿರುಗಿ ನೋಡಿದ. ರಸ್ತೆ ಖಾಲಿ. ನಿನ್ನೆ ಬಂದಿತ್ತೇ? ಮೊನ್ನೆ? ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಐದು ವರ್ಷ ಹಿಂದೆ ಹಿಂದೆ ಬಂದ ಪ್ರಾಣಿ. ಅದು ಇಲ್ಲದ್ದು ತಿಳಿಯಲು ತನಗೆ ಮೂರು ದಿನ ಬೇಕಾಯಿತೇ?

ಸೈಕಲ್ ಷಾಪಿನವನನ್ನು ಕೇಳಿದ. “ನಿಮ್ ಬೂರಿಯಾ? ಲಾರಿ ಇಂದೆ ಓಡೋಗ್ತಿತ್ತಲ್ಲ ಸಾಬ್ರೇ ಆವತ್ತು” ಅಂದ ಅವನು. ಎಲೆ ಅಡಿಕೆ ಅಂಗಡಿಯವನೂ ಅದನ್ನೇ ಹೇಳಿದ. ಮೂರನೆಯವರನ್ನು ದಸ್ತಗೀರ್ ಕೇಳಲಿಲ್ಲ. ಸರಿಯೇ ಸರಿ, ಎಂಜಿನ್ನಿನ ಹಿಂದೆಯೇ ಹೋಗಿದೆ. ಹಾಗಾದರೆ ಐದು ವರ್ಷ ಅದು ಅಂಟಿಕೊಂಡಿದ್ದು ಯಾರಿಗೆ? ನನಗೆ ಅಂದುಕೊಂಡಿದ್ದೆನಲ್ಲ. ತೊಟ್ಟಿಯ ಬಿಸಿ ನೀರಿಗೋ?

ಅಮಾವಾಸ್ಯೆ ದಿನ ಮಿಲ್ಲಿಗೆ ರಜೆ. ಆವತ್ತು ಬೆಳಿಗ್ಗೆ ಚಿಕ್ಕರಸಿನಕೆರೆಗೆ ಹೊರಟ. ನಾಯಿ ಹುಡುಕಲು ಬಸ್ಸು ಹತ್ತುತ್ತಾನೆ ಎಂದರೆ ಜಾನ್ ಬೀ ಕೂಗಾಡುತ್ತಾಳೆಂದು, “ಎಂಜಿನ್ನು ನೋಡಿಕೊಡಲು ಕರೆದಿದ್ದಾರೆ” ಎಂದು ಅವಳಿಗೆ ಹೇಳಿದ. ಎಂಜಿನ್ನು ನೋಡಲು ಹೋಗುತ್ತೇನೆ ಎಂದರೆ ಕೆಂಪಸಿದ್ದಯ್ಯ ನೊಂದುಕೊಳ್ಳುತ್ತಾರೆಂದು, “ಆ ನಾಯಿ ಅಲ್ಲಿಗೇನಾದ್ರೂ ಓಗ್ಯದಾ ನೋಡ್ಕೊಂಡು ಬತ್ತೀನಿ” ಎಂದು ಅವರಿಗೆ ಹೇಳಿದ. ಎರಡರಲ್ಲಿ ಯಾವುದು ಸುಳ್ಳು ಎಂದು ಬಸ್ಸಿನಲ್ಲಿ ಕಿಟಕಿಗೆ ಒರಗಿ ಯೋಚಿಸಿದ. ಮಳವಳ್ಳಿ ಬಂತು. ಬಸ್ಸು ಬದಲಿಸಿದ. ಮತ್ತೆ ಯೋಚಿಸಿದ. ಗೊತ್ತಾಗಲಿಲ್ಲ.

ಹತ್ತೊಂಬತ್ತು ವರ್ಷ ಕೇಳಿದ ಸದ್ದು, ಒಂದು ಮೈಲಿಯಿಂದಲೇ ಗುರುತು ಹಿಡಿಯುತ್ತೇನೆ ಎಂಬ ಭರವಸೆ ಅವನಿಗಿತ್ತು. ಬಸ್ಸಿಳಿದು ಕಬ್ಬಿನ ಗದ್ದೆಗಳ ನಡುವೆ ಕಿವಿಗೊಟ್ಟು ನಡೆದ. ಒಂದು ಆಲೆಮನೆ ದಾಟಿದ. ಅಲ್ಲಿ ಯಾವುದೋ ಎಂಜಿನ್ನು ದಬದಬ ಬಡಿದುಕೊಳ್ಳುತ್ತಿತ್ತು. ಅದಲ್ಲ ಎಂದು ಮುಂದೆ ಹೋದ. ಕೆರೆ ಏರಿಯವರೆಗೂ ಹೋಗಿ ಎದುರು ಬಂದವರನ್ನು ಕೇಳಿದಾಗ, ದಾಟಿ ಬಂದ ಆಲೆಮನೆಯೇ ಅದು ಎಂದು ತಿಳಿಯಿತು.

ಹಿಂದಕ್ಕೆ ಬಂದು ನೋಡಿದರೆ ಎಂಜಿನ್ನಿಗೆ ಗಿಳಿಹಸಿರು ಬಣ್ಣ ಬಳಿದಿದ್ದಾರೆ. ಕೊಳವೆಯ ತುದಿಯ ತಗಡಿನ ಬಟ್ಟಲು ಇಲ್ಲ. ಅವನು ಹತ್ತಿರ ಹೋಗುವಷ್ಟರಲ್ಲಿ ಅದು ಎರಡು ಸಲ ತಡವರಿಸಿ ನಿಂತುಹೋಯಿತು. ಗಾಣಕ್ಕೆ ಕಬ್ಬು ಕೊಡುತ್ತಿದ್ದವರು ಕೈಬಿಟ್ಟು ನಿಂತರು. ಎಂಜಿನ್ನಿನ ಉಸ್ತುವಾರಿಯವನು, ಮರಿಯಯ್ಯ ಎಂದು ಅವನ ಹೆಸರು, ಹ್ಯಾಂಡಲ್ ಹಾಕಿ ತಿರುಗಿಸಿದ, ತಿರುಗಿಸಿದ. ಬೆವರು ಸುರಿಯಿತು. ಎಂಜಿನ್ನು ಕದಲಲಿಲ್ಲ.

“ದಿನಾ ಇದೇ ಗೋಳು. ಎಂತಾ ಮುಂಡೇದು ತಂದು ಆಕವ್ರೋ!” ಎಂದು ಅದಕ್ಕೆ ಕಾಲಿಂದ ಒದ್ದ.

ಆ ಒದೆ ದಸ್ತಗೀರನ ಪಕ್ಕೆಗೇ ಬಿದ್ದ ಹಾಗಾಯಿತು. “ಒದೀಬ್ಯಾಡ ಕಣಪ್ಪ, ಸ್ವಲ್ಪ ಬುಡು ಇಲ್ಲಿ” ಎಂದು ಮುಂದೆ ಬಂದ. ಪೈಪಿನಲ್ಲಿ ಗಾಳಿ ಕಟ್ಟಿತ್ತು. ನಟ್ಟು ಸಡಿಲಿಸಿ ಗಾಳಿ ಬಿಟ್ಟು, ಡೀಸೆಲ್ ನೊರೆ ನಿಂತು ಸರಾಗ ಹರಿದ ಮೇಲೆ ಮತ್ತೆ ಬಿಗಿದ. ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ಸುತ್ತಿ ಲಿವರ್ ಬಿಟ್ಟ. ಒಂದೇ ಸಲಕ್ಕೆ ಹತ್ತಿಕೊಂಡಿತು.

“ನಿಮ್ ಗುರ್ತು ಇಡೀತು ಕಣ್ ಸಾಬ್ರೇ!” ಎಂದು ಮರಿಯಯ್ಯ ಬಾಯಿ ಬಿಟ್ಟು ನೋಡಿದ.

ಗಾಳಿ ಕಟ್ಟಿತ್ತು, ಬಿಟ್ಟೆ, ಅಷ್ಟೇ ಎಂದು ಹೇಳಬಹುದಿತ್ತು. ದಸ್ತಗೀರ್ ಹೇಳಲಿಲ್ಲ. ನಾನು ಅದನ್ನು ದಾಟಿ ಹೋಗಿದ್ದೆ, ನನಗೇ ಗುರುತು ಸಿಕ್ಕಿರಲಿಲ್ಲ. ಅದಕ್ಕೆ ಸಿಕ್ಕಿತೇ? ಛೆ, ಕಬ್ಬಿಣಕ್ಕೆ ಏನು ಗುರುತು. ಆದರೂ ಅಲ್ಲಿಯೇ ಒಂದು ಕಲ್ಲಿನ ಮೇಲೆ ಕೂತು ಎರಡು ಗಂಟೆ ಅದು ಓಡುವುದನ್ನು ನೋಡಿದ. ಮರಿಯಯ್ಯನಿಗೆ ಗಾಳಿ ಬಿಡುವುದನ್ನು ಕಲಿಸಿದ. ಕೊಪ್ಪರಿಗೆಯಿಂದ ಬಿಸಿ ಬೆಲ್ಲ ತೆಗೆದು ಎಲೆಯಲ್ಲಿ ಕೊಟ್ಟರು, ತಿಂದ. ಹೊರಡಲು ಎದ್ದಾಗ ತಟ್ಟನೆ ನೆನಪಾಗಿ, “ಇಲ್ಲಿಗೊಂದು ಕಂದು ನಾಯಿ ಬಂದದಾ?” ಎಂದು ಕೇಳಿದ.

“ನಾಯಾ? ಯಾವ ನಾಯೂ ಬಂದಿಲ್ವಲ್ಲ.”

ಬಸ್ಸಿನಲ್ಲಿ ಬರುವಾಗ ತನ್ನ ಬಗ್ಗೆಯೇ ಅವನಿಗೆ ನಾಚಿಕೆಯಾಯಿತು. ನಾಯಿ ಹುಡುಕಲು ಹೋದವನು ನಾಯಿಯನ್ನು ಕೊನೆಗೆ ಕೇಳಿದೆ. ಇಲ್ಲ ಅಂದಾಗ ದುಃಖವಾಯಿತೋ, ಅಥವಾ ಎಂಜಿನ್ನಿನ ಹಿಂದೆ ಅದು ಬಂದಿರಲಿಲ್ಲ ಎಂದು ಒಳಗೇ ಸಮಾಧಾನವಾಯಿತೋ?

ಕಿರುಗಾವಲಿನಲ್ಲಿ ಇಳಿದಾಗ ಸಂಜೆ ಐದು ಗಂಟೆ. ಟೀ ಕುಡಿಯಲು ಹೊಂಬಾಳಮ್ಮನ ಹೋಟೆಲಿಗೆ ಹೋದ. ಹೊಂಬಾಳಮ್ಮ ಗಂಡ ಸತ್ತ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ, ಟೀ ಇಟ್ಟುಕೊಂಡು ಬದುಕುತ್ತಿದ್ದ ಗಟ್ಟಿಗಿತ್ತಿ.

“ಎಲ್ಗೋಗಿದ್ರಿ ದಸ್ತಗೀರಣ್ಣ, ಬಸ್ಸಲ್ಲಿ?”

“ನಾಯಿ ಉಡೀಕೊಂಡು ಓಗಿದ್ದೆ ಕಣಕ್ಕ. ಲಾರಿ ಇಂದೆ ಓಯ್ತಂತೆ.”

ಹೊಂಬಾಳಮ್ಮ ಸೌಟು ಕೆಳಗಿಟ್ಟಳು. “ಅಯ್ಯೋ ಶಿವ್ನೇ! ಓಗಿದ್ದು ನಿಜ, ಆ ಮೋರಿ ಗಂಟ ಓಗಿ ವಾಪಸ್ ಬಂತು. ಇಲ್ಲೇ ಅದಲ್ಲಾ, ಇತ್ಲಲ್ಲಿ, ಒಲೆ ತಾವ! ಒಂದ್ ಮಾತು ಕೇಳ್ಬಾರ್ದಾ ನನ್ನ?”

ಹೋಟೆಲಿನ ಹಿಂದೆ ದೊಡ್ಡ ಒಲೆಯ ಬೂದಿಯಲ್ಲಿ ಭೂರಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಮಿಲ್ಲಿನಿಂದ ಐವತ್ತು ಹೆಜ್ಜೆ. “ಭೂರಿ” ಎಂದು ಕರೆದ. ತಲೆ ಎತ್ತದೆ ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯಿತು. ಮತ್ತೆ ಕರೆದ. ಎದ್ದು ಮೈಮುರಿದು, ಅವನ ಹಿಂದೆ ಮಿಲ್ಲಿನವರೆಗೆ ಬಂತು. ಬರಿದಾದ ತೊಟ್ಟಿಯನ್ನು ಮೂಸಿತು. ಅವನನ್ನೊಮ್ಮೆ ನೋಡಿತು. ತಿರುಗಿ ಒಲೆಯ ಕಡೆಗೆ ಹೋಯಿತು.

ದಸ್ತಗೀರ್ ಬಾಗಿಲಲ್ಲಿ ನಿಂತೇ ಇದ್ದ. ಎಂಜಿನ್ನು ಹೋದರೆ ಮೋಟರು ಬರುತ್ತದೆ, ಆದರೆ ಜೀವ ಇರುವುದು ಹಾಗಲ್ಲ ಎಂದು ಅವನು ತಿಳಿದುಕೊಂಡಿದ್ದ. ಇಲ್ಲಿ ಜೀವ ಇರುವುದೇ ಮೂರು ದಿನದಲ್ಲಿ ಅವನ ಜಾಗಕ್ಕೆ ಒಲೆಯನ್ನು ತಂದುಕೊಂಡಿತ್ತು.

ಮೋಟರು ಕೂತ ಮೇಲೆ ಅವನಿಗೆ ಕೆಲಸವೇ ಇಲ್ಲದಂತಾಯಿತು. ಹಸಿರು ಗುಂಡಿ ಒತ್ತಿದರೆ ಗುಂಯ್ ಎನ್ನುತ್ತದೆ, ಕೆಂಪು ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ. ನಡುವೆ ಸ್ಟೂಲಿನ ಮೇಲೆ ಕೂರುವುದು. ಕೂಗು ಕೇಳದೆ ಹಳ್ಳಿಯ ಹೆಂಗಸರಿಗೆ ಮಿಲ್ಲು ಇದೆಯೋ ಇಲ್ಲವೋ ತಿಳಿಯದೆ, ಒಂದು ತಿಂಗಳು ಗೊಂದಲವಾಯಿತು. ಆಮೇಲೆ ಅವರೂ ಹೊಂದಿಕೊಂಡರು. ಭೂರಿ ಹೋಟೆಲಿನ ಹಿಂದೆಯೇ ಮರಿ ಹಾಕಿತು. ಮಧ್ಯಾಹ್ನ ಅವನು ಒಬ್ಬನೇ ಊಟಕ್ಕೆ ಹೋಗುತ್ತಿದ್ದ. ದಾರಿಯಲ್ಲಿ ಎದುರಾದರೆ ಭೂರಿ ಬಾಲ ಆಡಿಸುತ್ತಿತ್ತು, ಪರಿಚಯದವರಿಗೆ ನಮಸ್ಕಾರ ಹಾಕುವ ಹಾಗೆ. ಅವನೂ ಚಪ್ಪಲಿ ಕಾಲಿನಿಂದ ಬೆನ್ನು ಸವರಿ ಮುಂದೆ ಹೋಗುತ್ತಿದ್ದ.

ಮಳೆಗಾಲದ ಒಂದು ದಿನ, ಮಧ್ಯಾಹ್ನದ ಹೊತ್ತು, ಬಸ್ ಸ್ಟ್ಯಾಂಡಿನಲ್ಲಿ ಹಿಂದಕ್ಕೆ ತೆಗೆಯುತ್ತಿದ್ದ ಬಸ್ಸೊಂದು ಭೂರಿಯ ಸೊಂಟದ ಮೇಲೆ ಹಾಯಿತು. ಜನ ಹೋ ಎಂದು ಕೂಗಿದ್ದು ಮಿಲ್ಲಿಗೂ ಕೇಳಿಸಿತು. ದಸ್ತಗೀರ್ ಹೊರಗೆ ಬಂದು ನೋಡುವಷ್ಟರಲ್ಲಿ ಅದು ಹಿಂಗಾಲು ಎಳೆಯುತ್ತಾ ಕೆಸರಿನಲ್ಲಿ ಬರುತ್ತಿತ್ತು. ಹೊಂಬಾಳಮ್ಮನ ಹೋಟೆಲು ಹತ್ತಿರದಲ್ಲೇ ಇತ್ತು. ಅವಳು “ಬಾ ಬೂರಿ, ಬಾರವ್ವ” ಎಂದು ಕೂಗುತ್ತಲೇ ಇದ್ದಳು. ಅದು ಹೋಟೆಲನ್ನು ದಾಟಿತು, ಒಲೆಯನ್ನು ದಾಟಿತು, ಮರಿಗಳನ್ನೂ ದಾಟಿತು. ಮಿಲ್ಲಿನ ಹೊಸಿಲು ಹತ್ತಲಾರದೆ ನಿಂತಾಗ ದಸ್ತಗೀರ್ ಎರಡು ಕೈಯಲ್ಲಿ ಎತ್ತಿ ಒಳಗೆ ತಂದ. ಅವನು ಅದನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು. ಇಷ್ಟು ಹಗುರ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಒಳಗೆ ಬಿಟ್ಟ ಮೇಲೆ ಅದು ಇನ್ನೂ ಸ್ವಲ್ಪ ತೆವಳಿ, ತೊಟ್ಟಿಗೂ ಅವನ ಸ್ಟೂಲಿಗೂ ನಡುವೆ ಮಲಗಿತು. ಅವನು ಪಕ್ಕದಲ್ಲಿ ಕೂತು, ತಲೆ ತಿರುಗಿಸಿ ಹಿಡಿದು, ಅಂಗೈಯಲ್ಲಿ ನೀರು ಕೊಟ್ಟ. ಎರಡು ಸಲ ನೆಕ್ಕಿತು. ಇಳಿಹೊತ್ತಿನ ಅಸರ್ ನಮಾಜಿನ ಕೂಗು ಕೇಳುವ ಮುಂಚೆ ಉಸಿರು ನಿಂತಿತು.

ಕೆಂಪಸಿದ್ದಯ್ಯನೂ ಅವನೂ ಸೇರಿ ಮಿಲ್ಲಿನ ಹಿಂದೆ ಗುಂಡಿ ತೋಡಿ ಹೂಳಿದರು. ಹೊಂಬಾಳಮ್ಮ ಸೆರಗು ಬಾಯಿಗೆ ಹಿಡಿದು ಅತ್ತಳು. ದಸ್ತಗೀರ್ ಅಳಲಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿದ, ಬಟ್ಟೆ ಬದಲಿಸಿದ, ನಮಾಜು ಮಾಡಿದ. ಸುದ್ದಿ ಕೇಳಿದ್ದ ಜಾನ್ ಬೀ ಈಗ ಅಳುತ್ತಾನೆ, ಆಗ ಅಳುತ್ತಾನೆ ಎಂದು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಮುದ್ದೆ ಸಾರು ಹೊಟ್ಟೆ ತುಂಬಾ ಉಂಡ.

“ಕಬ್ಬಿಣಕ್ಕೆ ಅತ್ತೆಯಲ್ಲ” ಅಂದಳು ಕೊನೆಗೆ ಅವಳೇ ತಡೆಯಲಾರದೆ, “ಇವಳು ಬಾಯಿಲ್ಲದ ಜೀವ. ಸಾಯುವಾಗ ನಿನ್ನ ಹತ್ತಿರ ಬಂದಳು. ಒಂದು ಹನಿ ನೀರಾದರೂ ಬರಬಾರದಾ ಕಣ್ಣಲ್ಲಿ?”

ನಾಯಿಯನ್ನು ಹೊಸಿಲ ಹತ್ತಿರಕ್ಕೂ ಬಿಡದವಳು ಹೀಗೆ ಹೇಳುತ್ತಿದ್ದಾಳೆ! ಬರಲಿಲ್ಲ, ಅಷ್ಟೇ. ತನ್ನೊಳಗೆ ಏನೋ ತಿರುಗುಮುರುಗು ಕೂತಿದೆ ಎಂದು ಅವನಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು. ಮಲಗಿದಾಗ ಭೂರಿಯ ಮೂತಿ ಎತ್ತ ಕಡೆಗಿತ್ತು? ತೊಟ್ಟಿಯ ಕಡೆಗೋ, ಸ್ಟೂಲಿನ ಕಡೆಗೋ? ನೀರು ಕೊಡಲು ಅವನೇ ತಲೆ ತಿರುಗಿಸಿದ್ದ. ಅದಕ್ಕೆ ಮುಂಚೆ ಹೇಗಿತ್ತು ಎಂಬುದು ಎಷ್ಟು ಕಣ್ಣು ಮುಚ್ಚಿ ನೆನೆದರೂ ಮೂಡಲಿಲ್ಲ.

ಎರಡು ವಾರ ಕಳೆದು ರಾಮಾನುಜ ಮೇಷ್ಟ್ರು ಗೋಧಿ ಬೀಸಿಸಲು ಬಂದರು. ಊರಿನ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುವವರು, ಅಯ್ಯಂಗಾರರು, ಯಾವ ಪ್ರಶ್ನೆ ಕೇಳಿದರೂ ಉತ್ತರ ಕೊಡದೆ ಬಿಡದವರು. ಗೋಧಿ ಬೀಸುವಷ್ಟು ಹೊತ್ತು ದಸ್ತಗೀರ್ ತನ್ನ ಗೊಂದಲವನ್ನೆಲ್ಲ ಅವರ ಮುಂದಿಟ್ಟ.

“ಇದರಲ್ಲಿ ಕಷ್ಟವೇನಿದೆ ದಸ್ತಗೀರ್?” ಅಂದರು ಮೇಷ್ಟ್ರು. “ಎಂಜಿನ್ ಹೋದರೆ ಅಂಥದೇ ಇನ್ನೊಂದು ಅಂಗಡಿಯಲ್ಲಿ ಸಿಗುತ್ತೆ. ಭೂರಿಯಂಥ ಭೂರಿ ಸಿಗುತ್ತದೆಯೇ?”

“ಅಂಥದೇ ತಂದು ಕೂರ್ಸುದ್ರೂ ಆ ಎಂಜಿನ್ನು ಆಗಕ್ಕಿಲ್ಲ ಮೇಷ್ಟ್ರೇ. ಅದ್ರ ಒಳಗೆ ಎಲ್ಲಾನೂ ನಾನೇ ಬದ್ಲಾಯ್ಸಿದ್ದೆ. ಆದ್ರೂ ಅದು ಅದೇ ಆಗಿತ್ತು.”

“ಸರಿ, ಅದು ನಿಮಗೆ. ಆದರೆ ನೀವು ಇಲ್ಲ ಅಂತ ಎಂಜಿನ್ನಿಗೆ ಅನ್ನಿಸುತ್ಯೇ? ನಾಯಿಗೆ ಅನ್ನಿಸುತ್ತೆ. ವ್ಯತ್ಯಾಸ ಅಲ್ಲಿದೆ.”

“ಬೂರಿಗೆ ಅನ್ನುಸ್ತಾ ಮೇಷ್ಟ್ರೇ? ಮೂರು ದಿವ್ಸಕ್ಕೆ ಒಲೆ ತಾವ ಓಯ್ತಲ್ಲ.”

“ಕೊನೆಗೆ ನಿಮ್ಮ ಹತ್ತಿರಾನೇ ಬಂತಲ್ಲ.”

“ನನ್ ತಾವ ಬಂತಾ, ತೊಟ್ಟಿ ತಾವ ಬಂತಾ?”

ರಾಮಾನುಜ ಮೇಷ್ಟ್ರು ಉತ್ತರಕ್ಕೆ ಬಾಯಿ ತೆರೆದರು. ತೊಟ್ಟಿಯನ್ನು ನೋಡಿದರು, ಸ್ಟೂಲನ್ನು ನೋಡಿದರು. “ನಿಮ್ಮ ಹತ್ತಿರ ಅಂತಲೇ ಇಟ್ಟುಕೊಳ್ಳಿ” ಅಂದರು. “ಇಟ್ಕೋಬಹುದು” ಅಂದ ದಸ್ತಗೀರ್. ಗೋಧಿ ಮುಗಿದಿತ್ತು. ಕೆಂಪು ಗುಂಡಿ ಒತ್ತಿದ. ಮೇಷ್ಟ್ರು ಬಿಸಿ ಹಿಟ್ಟಿನ ಚೀಲ ಎತ್ತಿಕೊಂಡು ಹೋದರು.

ಆ ವರ್ಷದ ದೀಪಾವಳಿ ಹತ್ತಿರ ಬಂದಾಗ ಒಂದೇ ವಾರದಲ್ಲಿ ಎರಡು ಮಾತು ಬಂದವು. ಮೆಣಸಿನಪುಡಿಗೆ ಬೇರೆಯೇ ಮಿಷನ್ನು, ಅದಕ್ಕೊಂದು ಸಣ್ಣ ಮೋಟರು ತರುತ್ತೇನೆ, ನೋಡಿಕೊಳ್ಳುತ್ತೀಯಾ ಎಂದು ಕೆಂಪಸಿದ್ದಯ್ಯ ಕೇಳಿದರು. ಅವರ ಮಾತು ಮುಗಿಯುವ ಮುಂಚೆಯೇ ದಸ್ತಗೀರ್ “ತರ್ಸಿ ಯಜಮಾನ್ರೇ” ಅಂದ. ಇನ್ನೊಂದು ಮಾತು ಹೊಂಬಾಳಮ್ಮನದು. ಭೂರಿಯ ಮರಿಗಳಲ್ಲಿ ಉಳಿದದ್ದು ಒಂದೇ, ಅದೂ ಕಂದು, ಅದೂ ಹೆಣ್ಣು.

“ಮಿಲ್ಲಿಗೆ ಕರ್ಕೊಂಡೋಗಿ ಅಣ್ಣ. ಅವ್ವನಂಗೇ ಅದೆ ನೋಡಿ. ಇದನ್ನೂ ಬೂರಿ ಅಂತ್ಲೇ ಕರೀರಿ, ಆಯ್ತು.”

“ನಾಳೆ ಏಳ್ತೀನಿ ಬುಡಕ್ಕ” ಅಂದ ದಸ್ತಗೀರ್.

ಮರುದಿನವೂ ನಾಳೆ ಅಂದ. ಮೋಟರಿಗೆ ತಟ್ಟನೆ ಒಪ್ಪಿದ ಬಾಯಿ ಮರಿಗೆ ಏಕೆ ಒಪ್ಪುತ್ತಿಲ್ಲ? ಬೇಡ ಎನ್ನಲೂ ಬಾಯಿ ಬರುತ್ತಿರಲಿಲ್ಲ. ಭೂರಿಯ ಹೆಸರನ್ನು ಇನ್ನೊಂದಕ್ಕೆ ಇಡುವುದೆಂದರೆ ಪಿಸ್ಟನ್ ಬದಲಾಯಿಸಿದ ಹಾಗೆ ಎಂದು ಒಂದು ದಿನ ಅನ್ನಿಸಿತು. ಬದಲಾಯಿಸಿದ ಮೇಲೂ ಅದು ಅದೇ ಆಗಿರುತ್ತಿತ್ತಲ್ಲ, ಇದು ಏಕೆ ಆಗಬಾರದು ಎಂದು ಇನ್ನೊಂದು ದಿನ ಅನ್ನಿಸಿತು. ಕಣ್ಣೀರು ಹಾಕದವನಿಗೆ ಇಷ್ಟೆಲ್ಲ ತೊಡಕು ಏಕೆ ಎಂದು ಮತ್ತೊಂದು ದಿನ. ದಿನಾ ಸಂಜೆ ಹೋಟೆಲಿಗೆ ಹೋಗಿ, ಮರಿಯನ್ನು ದೂರದಿಂದ ನೋಡಿ, ಟೀ ಕುಡಿದು, “ನಾಳೆ ಏಳ್ತೀನಿ” ಎಂದು ಬರುತ್ತಿದ್ದ. ಜಾನ್ ಬೀಗೂ ಸುದ್ದಿ ಮುಟ್ಟಿತು. ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ, ತರಬೇಕೆಂದೂ ಹೇಳಲಿಲ್ಲ. “ಒಂದು ತೀರ್ಮಾನ ಮಾಡು” ಅಂದಳು, ಅಷ್ಟೇ.

ಹದಿನೈದು ದಿನ ಹೀಗೆ ನಡೆಯಿತು. ಹದಿನಾರನೆಯ ದಿನ ಹೋದಾಗ ಮರಿ ಇರಲಿಲ್ಲ.

“ಮದ್ದೂರು ಕಡೆ ಕಂಡಕ್ಟ್ರು ಒಬ್ರು ಎತ್ಕೊಂಡೋದ್ರು ಕಣಣ್ಣ, ಬೆಳಿಗ್ಗೆ” ಅಂದಳು ಹೊಂಬಾಳಮ್ಮ. “ಅವ್ರ ಮನೇಲಿ ಸಣ್ ಮಕ್ಳವ್ರಂತೆ. ನೀವೂ ಎಷ್ಟ್ ದಿನ ಅಂತ ನಾಳೆ ನಾಳೆ ಅಂತೀರಿ.”

“ಒಳ್ಳೇದಾಯ್ತು ಬುಡು” ಅಂದ ದಸ್ತಗೀರ್. ನಿಜವಾಗಿಯೂ ಒಂದು ಭಾರ ಇಳಿದಂತೆ ಅನ್ನಿಸಿತು. ನಿರಾಳವಾಗಿ ಟೀ ಕುಡಿದು ಲೋಟ ಕೆಳಗಿಟ್ಟ. ಎದ್ದು ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ.

“ಯಾವ್ ಬಸ್ಸಿನ ಕಂಡಕ್ಟ್ರು ಅಕ್ಕ?”

“ಯಾಕಣ್ಣ?”

“ಸುಮ್ಕೆ ಕೇಳ್ದೆ.”

ಮದ್ದೂರು ಕಡೆಯ ಸಂಜೆ ಬಸ್ಸು ಆಗ ತಾನೇ ಬಂದು ನಿಂತಿತ್ತು. ದಸ್ತಗೀರ್ ಅದರ ಬಾಗಿಲ ಹತ್ತಿರ ಹೋಗಿ ನಿಂತ. ಕಂಡಕ್ಟರು “ಎಲ್ಲಿಗೆ ಸಾಬ್ರೇ, ಅತ್ತಿ” ಅಂದ. ಇವನೋ ಅವನು, ಬೇರೆಯವನೋ, ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಹತ್ತಲೂ ಇಲ್ಲ. ಬಸ್ಸು ಹೊರಟು ಹೋಯಿತು. ದಸ್ತಗೀರ್ ಇನ್ನೊಂದು ಬಸ್ಸು ಬರುವವರೆಗೂ ಅಲ್ಲಿಯೇ ನಿಂತಿದ್ದು, ಅದು ಬಂದಾಗ ಅದನ್ನೂ ಬಿಟ್ಟು, ಮನೆಯ ಕಡೆಗೆ ನಡೆದ.